ಒಡೆಯನ ಹೆಸರಿಲ್ಲದ ರೇಡಿಯೋ

1950ರ ದಶಕದ ಆರಂಭದಲ್ಲಿ ಬೈರೂತ್, ಅಮ್ಮಾನ್, ಡಮಾಸ್ಕಸ್ ಕಡೆಯ ಕಾಫಿ ಅಂಗಡಿಗಳಲ್ಲಿ ರೇಡಿಯೋದ ಮುಳ್ಳು ತಿರುಗಿಸಿದವರಿಗೆ ಒಂದು ನಿಲಯ ಗೊರಗೊರ ಸದ್ದಿಲ್ಲದೆ ಸಿಕ್ಕಿಬಿಡುತ್ತಿತ್ತು. ಕುರಾನ್ ಪಠಣ, ಹೊಸ ಹಾಡುಗಳು, ನಾಟಕ, ನಡುವೆ ಜಾಹೀರಾತು, ಹೊತ್ತುಹೊತ್ತಿಗೆ ವಾರ್ತೆ. ಓದುವವರು, ಹಾಡುವವರು, ನಾಟಕ ಆಡುವವರು ಎಲ್ಲರೂ ಅರಬ್ಬರು. ಅದರ ಹೆಸರು ಶರ್ಕ್ ಅಲ್ ಅದ್ನಾ. ಕಾಗದದ ಮೇಲೆ ಅದು ಸೈಪ್ರಸ್ ದ್ವೀಪದಿಂದ ನಡೆಯುತ್ತಿದ್ದ ಖಾಸಗಿ ವಾಣಿಜ್ಯ ನಿಲಯ. ಅದರ ನಿಜವಾದ ಒಡೆಯ ಬ್ರಿಟಿಷ್ ಸರ್ಕಾರ. ಹಣ ಹೂಡಿ ಹಿಂದಿನಿಂದ ನಡೆಸುತ್ತಿದ್ದುದು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ6.

ಸಾಮ್ರಾಜ್ಯಗಳು ಮುಗಿದ ಬಗೆಯನ್ನು ನಾವು ಸಾಮಾನ್ಯವಾಗಿ ಒಪ್ಪಂದ, ಗಡಿರೇಖೆ, ಇಳಿದ ಧ್ವಜ, ಏರಿದ ಧ್ವಜಗಳ ಲೆಕ್ಕದಲ್ಲಿ ಓದುತ್ತೇವೆ. ಹೊರಡುವ ಹೊತ್ತಿನಲ್ಲಿ ಆಳುವವರು ಏನನ್ನು ಬಿಟ್ಟುಕೊಡದೆ ಉಳಿಸಿಕೊಳ್ಳಲು ನೋಡಿದರು ಎಂಬುದು ಆ ಲೆಕ್ಕದಲ್ಲಿ ಸಿಗುವುದಿಲ್ಲ. ಶರ್ಕ್ ಅಲ್ ಅದ್ನಾದ ಕಥೆಯಲ್ಲಿ ಅದು ಸಿಗುತ್ತದೆ. ಹದಿನೈದು ವರ್ಷ ಸಂಪಾದಿಸಿದ ಕೇಳುಗರ ನಂಬಿಕೆಯನ್ನು ಒಡೆಯರೇ ಕೆಲವೇ ದಿನಗಳಲ್ಲಿ ಸುಟ್ಟುಹಾಕಿದ ಕಥೆಯೂ ಇದೇ.

ಅರಬ್ ಕಿವಿಗಳಿಗಾಗಿ ಯುರೋಪಿನ ಪೈಪೋಟಿ ಶುರುವಾಗಿದ್ದು ಬ್ರಿಟನ್ನಿನಿಂದಲ್ಲ. 1934ರಲ್ಲಿ ಮುಸೊಲಿನಿಯ ಇಟಲಿ ತನ್ನ ದಕ್ಷಿಣದ ಬಾರಿ ನಗರದಿಂದ ಅರೇಬಿಕ್ ಪ್ರಸಾರ ಆರಂಭಿಸಿತು. ಮೊದಮೊದಲು ಸಂಗೀತ, ಸಂಸ್ಕೃತಿಯ ಮಾತು. ಇಟಲಿ ಇಥಿಯೋಪಿಯಾದ ಮೇಲೆ ಬಿದ್ದು ಬ್ರಿಟನ್ನಿನೊಡನೆ ಸಂಬಂಧ ಕೆಟ್ಟ ಮೇಲೆ ರೇಡಿಯೋ ಬಾರಿಯ ದನಿ ಬದಲಾಯಿತು. ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷರು ಮಾಡುತ್ತಿದ್ದ ದಬ್ಬಾಳಿಕೆಯನ್ನು ಅದು ಊರೂರಿಗೆ ಸಾರತೊಡಗಿತು. ಲಿಬಿಯಾದಲ್ಲಿ ಅರಬ್ಬರನ್ನು ಶಿಬಿರಗಳಿಗೆ ತಳ್ಳಿದ್ದ ಅದೇ ಇಟಲಿ ಈಗ ಅರಬ್ಬರ ಮಿತ್ರನಾಗಿ ಮಾತಾಡುತ್ತಿತ್ತು. ಆದರೂ ಜನ ಕೇಳಿದರು. ಯಾಕೆಂದರೆ ಪ್ಯಾಲೆಸ್ಟೈನಿನ ದಬ್ಬಾಳಿಕೆ ಸುಳ್ಳಾಗಿರಲಿಲ್ಲ. ಪ್ರಚಾರ ಮಾಡುವವನ ಕೈ ಕೊಳಕಾಗಿದ್ದರೂ ಅವನು ತೋರಿಸುವ ಗಾಯ ನಿಜವಾಗಿದ್ದರೆ ಮಾತು ನಾಟುತ್ತದೆ. ಲಂಡನ್ನಿಗೆ ಚಿಂತೆ ಹತ್ತಿದ್ದು ಇದರಿಂದಲೇ.

ಬ್ರಿಟನ್ನಿಗೆ ಆಗಲೇ ಪ್ಯಾಲೆಸ್ಟೈನಿನಲ್ಲಿ ಬಹಿರಂಗವಾದ ಒಂದು ಸರ್ಕಾರಿ ರೇಡಿಯೋ ಇತ್ತು. 1936ರ ಮಾರ್ಚ್‌ನಲ್ಲಿ ಶುರುವಾದ ಆ ಪ್ಯಾಲೆಸ್ಟೈನ್ ಪ್ರಸಾರ ಸೇವೆಯ ಟ್ರಾನ್ಸ್‌ಮಿಟರ್ ರಮಲ್ಲಾದಲ್ಲಿತ್ತು. ಅರೇಬಿಕ್, ಹೀಬ್ರೂ, ಇಂಗ್ಲಿಷ್ ಮೂರರಲ್ಲೂ ಪ್ರಸಾರ ನಡೆಯುತ್ತಿತ್ತು. ಅರೇಬಿಕ್ ವಿಭಾಗವನ್ನು ಕವಿ ಇಬ್ರಾಹಿಂ ತುಕಾನ್ ನೋಡಿಕೊಳ್ಳುತ್ತಿದ್ದರು. ಅದು ಸಾಲದೆಂದು 1938ರ ಜನವರಿ 3ರಂದು ಲಂಡನ್ನಿನಿಂದಲೇ ಬಿಬಿಸಿಯ ಅರೇಬಿಕ್ ಸೇವೆ ಹೊರಟಿತು. ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಬಿಬಿಸಿ ಹೊರದೇಶದವರಿಗಾಗಿ ಆರಂಭಿಸಿದ ಮೊದಲ ಸೇವೆ ಅದು. ಮೊದಲ ದಿನದ ವಾರ್ತೆಯಲ್ಲೇ ಒಂದು ಸುದ್ದಿ ಬಂತು. ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷ್ ಮಿಲಿಟರಿ ನ್ಯಾಯಾಲಯದ ಆಜ್ಞೆಯಂತೆ ಒಬ್ಬ ಅರಬ್ ವ್ಯಕ್ತಿಯನ್ನು ಗಲ್ಲಿಗೇರಿಸಲಾಗಿದೆ ಎಂಬ ಸುದ್ದಿ. ಸೌದಿ ದೊರೆ ಇಬ್ನ್ ಸೌದ್ ಅದನ್ನು ಕೇಳಿ ನೊಂದುಕೊಂಡು ಬ್ರಿಟಿಷ್ ರಾಯಭಾರಿಯ ಮುಂದೆಯೇ ಹೇಳಿಕೊಂಡರು. ವಿದೇಶಾಂಗ ಕಚೇರಿಯವರಿಗೆ ಸಿಟ್ಟು ಬಂತು. ಸ್ವಂತ ರೇಡಿಯೋ ತೆರೆದು ಮೊದಲ ದಿನವೇ ನಮ್ಮ ಮೇಲೆ ನಾವೇ ದೂರು ಹೇಳಿಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ. ನಡೆದದ್ದನ್ನು ನಡೆದ ಹಾಗೆ ಹೇಳುವುದು ನಮ್ಮ ಕೆಲಸ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ ಎಂಬುದು ಬಿಬಿಸಿಯವರ ನಿಲುವು. ಈ ಜಗಳ ಆ ದಿನಕ್ಕೆ ಮುಗಿಯಲಿಲ್ಲ. ಹೇಳಿದ ಮಾತು ಕೇಳುವ ಇನ್ನೊಂದು ದನಿ ಸರ್ಕಾರಕ್ಕೆ ಬೇಕಿತ್ತು. ಆದರೆ ಅದು ಸರ್ಕಾರದ ದನಿಯಂತೆ ಕೇಳಿಸಬಾರದಿತ್ತು.

ಅಂಥ ದನಿಯನ್ನು ಕಟ್ಟುವ ವಿದ್ಯೆಯನ್ನು ಕಲಿಸಿದ್ದು ಎರಡನೇ ಮಹಾಯುದ್ಧ. ಆಗಿನ ಪ್ರಚಾರ ನಿಪುಣರು ರೇಡಿಯೋ ನಿಲಯಗಳನ್ನು ಮೂರು ಬಣ್ಣದಲ್ಲಿ ವಿಂಗಡಿಸುತ್ತಿದ್ದರು. ಒಡೆಯ ಯಾರೆಂದು ಹೇಳಿಯೇ ಮಾತಾಡುವುದು ಬಿಳಿ. ಶತ್ರುವಿನದೇ ನಿಲಯವೆಂದು ನಂಬಿಸುವುದು ಕಪ್ಪು. ಒಡೆಯನ ವಿಷಯವನ್ನೇ ಎತ್ತದೆ ಸುಮ್ಮನಿರುವುದು ಬೂದು. ಬ್ರಿಟನ್ನಿನ ಪತ್ರಕರ್ತ ಸೆಫ್ಟನ್ ಡೆಲ್ಮರ್ 1941ರಲ್ಲಿ ಕಟ್ಟಿದ ಜರ್ಮನ್ ಭಾಷೆಯ ನಿಲಯ ಕಪ್ಪಿಗೆ ಹೆಸರಾದ ಉದಾಹರಣೆ. ಹಿಟ್ಲರನ ನಿಷ್ಠನೇ ಆದ, ಆದರೆ ಅವನ ಸುತ್ತಲಿನವರ ಮೇಲೆ ರೇಗಿದ ಒಬ್ಬ ಹಳೆಯ ಮಿಲಿಟರಿ ಅಧಿಕಾರಿ ಜರ್ಮನಿಯ ಒಳಗಿನಿಂದಲೇ ಮಾತಾಡುತ್ತಿರುವಂತೆ ಅದು ನಟಿಸುತ್ತಿತ್ತು. ನಟಿಸಿದ್ದು ಬ್ರಿಟನ್ ಒಂದೇ ಅಲ್ಲ. ರೋಮಿನಿಂದ ನಡೆಯುತ್ತಿದ್ದ ರೇಡಿಯೋ ಹಿಮಾಲಯ ಭಾರತದ ಗಡಿಬೆಟ್ಟಗಳಿಂದ ಮಾತಾಡುವ ಸೋಗು ಹಾಕಿತ್ತು. ಜೆರುಸಲೇಮಿನ ಮುಫ್ತಿ ಹಾಜ್ ಅಮೀನ್ ಅಲ್ ಹುಸೇನಿ ಬರ್ಲಿನ್ನಿನಿಂದ ಅರೇಬಿಕ್‌ನಲ್ಲಿ ಮಾತಾಡುತ್ತಿದ್ದರು. ಆಕಾಶವೆಲ್ಲ ಯಾರ್ಯಾರದೋ ದನಿಗಳಿಂದ ತುಂಬಿದ್ದ ಕಾಲ ಅದು. ನಮ್ಮ ಆಲ್ ಇಂಡಿಯಾ ರೇಡಿಯೋದ ಹೊರದೇಶ ಪ್ರಸಾರ 1939ರ ಅಕ್ಟೋಬರ್ 1ರಂದು ಪಶ್ತೋ ಭಾಷೆಯಲ್ಲಿ ಶುರುವಾಗಿದ್ದೂ ಜರ್ಮನ್ ಪ್ರಚಾರಕ್ಕೆ ಉತ್ತರ ಕೊಡಲೆಂದೇ.

ಶರ್ಕ್ ಅಲ್ ಅದ್ನಾ ಹುಟ್ಟಿದ್ದು ಈ ಗದ್ದಲದಲ್ಲಿ, 1941ರ ಸುಮಾರಿಗೆ, ಪ್ಯಾಲೆಸ್ಟೈನಿನಲ್ಲಿ. ಕಟ್ಟಿದ್ದು ಯುದ್ಧಕಾಲದ ಬ್ರಿಟಿಷ್ ರಹಸ್ಯ ಕಾರ್ಯಾಚರಣೆ ಸಂಸ್ಥೆ. ಬಣ್ಣ ಬೂದು. ಅದನ್ನು ಬಹುಕಾಲ ನಡೆಸಿದ ಆಲ್ಫ್ರೆಡ್ ಮಾರ್ಸ್ಯಾಕ್ ವಾಯುಪಡೆಯ ಅಧಿಕಾರಿ, ಇಸ್ಲಾಂಗೆ ಮತಾಂತರವಾಗಿದ್ದ ಇಂಗ್ಲಿಷರು. ಆದರೆ ನಿಲಯಕ್ಕೆ ಜೀವ ತುಂಬಿದವರು ಯಾಫಾ ಮತ್ತು ಜೆರುಸಲೇಮಿನ ಪ್ಯಾಲೆಸ್ಟೈನಿಯನ್ನರು. ಓದುಬರಹ ಬಲ್ಲ, ಸಂಗೀತ ತಿಳಿದ, ಅರೇಬಿಕ್ ಭಾಷೆಯ ಸೊಗಸನ್ನು ಹೇಗೆ ದಾಟಿಸಬೇಕೆಂದು ಗೊತ್ತಿದ್ದ ಒಂದು ತಲೆಮಾರು ಅದು. ಯಾಫಾ ಆಗ ಪತ್ರಿಕೆಗಳ, ಸಿನಿಮಾ ಮಂದಿರಗಳ, ಬಂದರಿನ ಊರು. ಕೈರೋದ ಕಲಾವಿದರು ಬಂದು ಹೋಗುತ್ತಿದ್ದ ಊರು. ರೇಡಿಯೋಗೆ ಬೇಕಾದವರು ಅಲ್ಲೇ ಸಿಕ್ಕರು. ಅವರಲ್ಲಿ ಎಷ್ಟು ಮಂದಿಗೆ ಒಡೆತನದ ಗುಟ್ಟು ಗೊತ್ತಿತ್ತು, ಎಷ್ಟು ಮಂದಿ ಗೊತ್ತಿದ್ದೂ ಸುಮ್ಮನಿದ್ದರು ಎಂದು ವಿಚಾರಣೆಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಆಳುವವರು ಬ್ರಿಟಿಷರೇ ಆಗಿದ್ದ ನೆಲದಲ್ಲಿ ಮಾತಿನ ಕಸುಬು ಬಲ್ಲವನಿಗೆ ಬೇರೆ ಮೈಕು ಎಲ್ಲಿತ್ತು? ಸಿಕ್ಕಿದ ಮೈಕಿನಲ್ಲಿ ಅವರು ತಮ್ಮ ಜನರಿಗೆ ಒಳ್ಳೆಯದನ್ನೇ ಕೊಟ್ಟರು.

1948ರ ಮೇ ತಿಂಗಳಲ್ಲಿ ಯಾಫಾ ಅರಬ್ಬರ ಕೈತಪ್ಪಿತು. ಅದೇ ತಿಂಗಳ ಮಧ್ಯದಲ್ಲಿ ಬ್ರಿಟಿಷ್ ಆಡಳಿತವೂ ಮುಗಿಯಿತು. ಲಕ್ಷಾಂತರ ಪ್ಯಾಲೆಸ್ಟೈನಿಯನ್ನರು ಮನೆಯ ಬೀಗದ ಕೈ ಹಿಡಿದು ಹೊರಟರು. ಶರ್ಕ್ ಅಲ್ ಅದ್ನಾ ತನ್ನ ಸಿಬ್ಬಂದಿ ಸಮೇತ ಸೈಪ್ರಸ್‌ಗೆ ಹೋಯಿತು. ಅಲ್ಲಿ ಬ್ರಿಟಿಷ್ ವಸಾಹತು ಇನ್ನೂ ಗಟ್ಟಿಯಾಗಿತ್ತು. ಊರು ಕಳೆದುಕೊಂಡವರೇ ಊರು ಕಳೆದುಕೊಂಡವರಿಗಾಗಿ ರೇಡಿಯೋ ನಡೆಸತೊಡಗಿದರು. ತಮಗೆ ಈ ಗತಿ ತಂದ ಆಡಳಿತದ ಸಂಬಳವನ್ನೇ ಬೇರೆ ಹೆಸರಿನಲ್ಲಿ ಪಡೆಯುತ್ತ ಅವರು ಪ್ರತಿ ಸಂಜೆ ಮೈಕಿನ ಮುಂದೆ ಕೂತರು. ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಸೈಪ್ರಸ್ ಆಯ್ಕೆಯಾಗಿದ್ದಕ್ಕೆ ರಾಜಕೀಯದ ಜೊತೆಗೆ ಭೌತಶಾಸ್ತ್ರದ ಕಾರಣವೂ ಇದೆ. ಶಾರ್ಟ್‌ವೇವ್ ದೂರ ಹೋಗುತ್ತದೆ, ಆದರೆ ಏಳುತ್ತ ಬೀಳುತ್ತ ಹೋಗುತ್ತದೆ. ಅದನ್ನು ಹಿಡಿಯಲು ಒಳ್ಳೆಯ ಸೆಟ್ಟು ಬೇಕು, ತಾಳ್ಮೆ ಬೇಕು. ಮೀಡಿಯಂ ವೇವ್ ಸಾಮಾನ್ಯ ಸೆಟ್ಟಿನಲ್ಲೂ ಸಿಗುತ್ತದೆ. ಅದು ನೆಲ ಹಿಡಿದು ಸಾಗುವಾಗ ಒಣನೆಲದ ಮೇಲೆ ಬೇಗ ಸೊರಗುತ್ತದೆ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ದಾರಿ, ಹಾಗಾಗಿ ಸಮುದ್ರದ ಮೇಲೆ ಅದು ಹೆಚ್ಚು ಬಲ ಕಳೆದುಕೊಳ್ಳದೆ ಬಹಳ ದೂರ ಹೋಗುತ್ತದೆ. ಲಿಮಸೋಲ್ ಮತ್ತು ಲಾರ್ನಾಕಾ ನಡುವೆ, ದ್ವೀಪದ ದಕ್ಷಿಣ ದಂಡೆಯಲ್ಲಿ ಝೀಗಿ ಎಂಬ ಮೀನುಗಾರರ ಹಳ್ಳಿ ಇದೆ. ಅಲ್ಲಿ ಎದ್ದ ಟ್ರಾನ್ಸ್‌ಮಿಟರ್ ಮುಂದೆ ಬರೀ ನೀರು. ನೀರಿನಾಚೆ ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್, ಈಜಿಪ್ಟ್. ರಾತ್ರಿಯಾದರೆ ಮೇಲಿನ ವಾತಾವರಣದ ಪದರವೂ ಅಲೆಗಳನ್ನು ಮರಳಿಸಿ ಇನ್ನೂ ದೂರಕ್ಕೆ ಒಯ್ಯುತ್ತದೆ. ಲಂಡನ್ನಿನ ಶಾರ್ಟ್‌ವೇವ್ ದನಿ ಗಾಳಿಯಲ್ಲಿ ತೇಲುತ್ತ ಮುಳುಗುತ್ತ ಬರುವಾಗ ಶರ್ಕ್ ಅಲ್ ಅದ್ನಾ ಪಕ್ಕದ ಕೋಣೆಯಲ್ಲಿ ಹಾಡಿದಂತೆ ಕೇಳಿಸುತ್ತಿತ್ತು.

ಹಾಡು ಎಂದಾಗ ನಮ್ಮದೊಂದು ನೆನಪು ಬರುತ್ತದೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾಗಿ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಬಾಗಿಲು ಹಾಕಿಸಿದರು. ಕೇಳುಗರು ಮುನಿಸಿಕೊಂಡು ಕೂರಲಿಲ್ಲ. ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್‌ಗೆ ಹೋದರು. ಅಮೀನ್ ಸಯಾನಿಯವರ ದನಿ ಮನೆಮನೆಗೆ ಬಂತು. ಕನ್ನಡ ಸಿನಿಮಾ ಹಾಡುಗಳಿಗೂ ಆ ನಿಲಯದಲ್ಲಿ ಜಾಗ ಸಿಕ್ಕಿತು. ಅಂದಹಾಗೆ ರೇಡಿಯೋ ಸಿಲೋನಿನ ಬಲವಾದ ಟ್ರಾನ್ಸ್‌ಮಿಟರ್ ಯುದ್ಧಕಾಲದಲ್ಲಿ ಮೌಂಟ್‌ಬ್ಯಾಟನ್ ಅವರ ಸೇನಾ ಕಮಾಂಡ್‌ಗಾಗಿ ಬ್ರಿಟಿಷರು ಹಾಕಿಸಿದ್ದು. ಸಿಲೋನಿನಲ್ಲಿ ಗುಟ್ಟಿರಲಿಲ್ಲ, ಅದನ್ನು ಶರ್ಕ್ ಅಲ್ ಅದ್ನಾದ ಸಾಲಿಗೆ ಸೇರಿಸುವುದು ತಪ್ಪಾಗುತ್ತದೆ. ಆದರೆ ಹಾಡು ಎಲ್ಲಿದೆಯೋ ಕಿವಿ ಅಲ್ಲಿಗೆ ಹೋಗುತ್ತದೆ ಎಂಬುದನ್ನು ನಮ್ಮ ಅಜ್ಜ ಅಜ್ಜಿಯರ ರೇಡಿಯೋವೇ ತೋರಿಸಿಕೊಟ್ಟಿದೆ. ಸೈಪ್ರಸ್‌ನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಳ್ಳೆಯ ಹಣ ಕೊಟ್ಟು ಒಳ್ಳೆಯ ಕಲಾವಿದರನ್ನು ಕರೆಸಿದರು. ಮುಂದೆ ಲೆಬನಾನಿನ ಗಾಯಕಿ ಫೈರೂಜ್ ಅವರ ಪ್ರತಿಭೆಯನ್ನು ಗುರುತಿಸಿದ ಸಂಗೀತಗಾರ ಹಲೀಂ ಅಲ್ ರೂಮಿ ಈ ನಿಲಯದಲ್ಲಿ ಕೆಲಸ ಮಾಡಿದ್ದವರು. ಸಂಗೀತ ವಿಭಾಗದ ಸಬ್ರಿ ಅಲ್ ಶರೀಫ್ ಲೆಬನಾನಿನ ರಹ್ಬಾನಿ ಸಹೋದರರಿಂದ ಹೊಸ ಬಗೆಯ ಹಾಡುಗಳನ್ನು ಮಾಡಿಸಿದರು. ಆಧುನಿಕ ಅರಬ್ ಸಂಗೀತದ ಒಂದು ಕವಲು ಚಿಗುರಿದ್ದು ಬ್ರಿಟಿಷ್ ಗುಪ್ತಚರರ ಹಣದಲ್ಲಿ. ಹಾಡಿಗೆ ಅದರಿಂದ ಕಳಂಕ ಬಂದಿತೆಂದು ನಾನು ಹೇಳಲಾರೆ.

ಹಾಗಾದರೆ ಪ್ರಭಾವ ಎಲ್ಲಿತ್ತು? ವಾರ್ತೆಯಲ್ಲಿ ಇತ್ತು, ಆದರೆ ನಾವು ಅಂದುಕೊಳ್ಳುವ ರೀತಿಯಲ್ಲಿ ಅಲ್ಲ. ಬ್ರಿಟನ್ನನ್ನು ಹೊಗಳುವ ಕೆಲಸವನ್ನು ಶರ್ಕ್ ಅಲ್ ಅದ್ನಾ ಮಾಡುತ್ತಿರಲಿಲ್ಲ. ಇಸ್ರೇಲ್ ವಿಷಯದಲ್ಲಿ ಅದರ ನಿಲುವು ಅರಬ್ಬರ ನಿಲುವೇ ಆಗಿತ್ತು. ಅದಕ್ಕಾಗಿ ಲಂಡನ್ನಿನಲ್ಲಿ ದೂರುಗಳೂ ಎದ್ದಿದ್ದವು. ದೂರು ಎದ್ದಷ್ಟೂ ಒಡೆಯರಿಗೆ ಅನುಕೂಲ, ನಿಲಯ ಯಾರ ಕೈಗೊಂಬೆಯೂ ಅಲ್ಲ ಎಂಬ ಭಾವನೆ ಕೇಳುಗರಲ್ಲಿ ಬಲಿಯುತ್ತಿತ್ತು. ಬೂದು ಪ್ರಚಾರದ ಕಸುಬು ಸುಳ್ಳು ಹೇಳುವುದರಲ್ಲಿ ಇಲ್ಲ. ಹತ್ತು ಸುದ್ದಿಯಲ್ಲಿ ಯಾವುದು ಮೊದಲು ಬರಬೇಕು, ಯಾವುದು ನಾಳೆಗೆ ಉಳಿಯಬೇಕು, ಒಬ್ಬ ನಾಯಕನ ಹೆಸರಿನ ಹಿಂದೆ ಯಾವ ವಿಶೇಷಣ ಇರಬೇಕು ಎಂಬುದರಲ್ಲಿ ಇದೆ. ಇಂಥದೇ ಕಸುಬಿಗಾಗಿ ಬ್ರಿಟನ್ನಿನ ವಿದೇಶಾಂಗ ಕಚೇರಿ 1948ರಲ್ಲಿ ಮಾಹಿತಿ ಸಂಶೋಧನಾ ವಿಭಾಗ ಎಂಬ ಸಪ್ಪೆ ಹೆಸರಿನ ಒಂದು ಗುಟ್ಟಿನ ಶಾಖೆಯನ್ನು ತೆರೆಯಿತು. ಕಮ್ಯುನಿಸಂ ವಿರುದ್ಧ ಲೇಖನ, ಅಂಕಿಅಂಶ, ಭಾಷಣದ ಸಾಮಗ್ರಿ ಸಿದ್ಧಪಡಿಸಿ, ತನ್ನ ಹೆಸರು ಹೇಳದೆ ಪತ್ರಿಕೆಗಳಿಗೆ, ರೇಡಿಯೋಗಳಿಗೆ ಒದಗಿಸುವುದು ಅದರ ಕೆಲಸ. ಅಂಥದೊಂದು ಶಾಖೆ ಇತ್ತೆಂದು ಬ್ರಿಟನ್ನಿನ ಜನಕ್ಕೇ ತಿಳಿದದ್ದು 1978ರಲ್ಲಿ, ಅದು ಮುಚ್ಚಿದ ಮೇಲೆ.

ಈ ಗುಟ್ಟಿನ ಅಗತ್ಯ ಆ ಹೊತ್ತಿನಲ್ಲೇ ಯಾಕೆ ಬಿತ್ತು ಎಂಬುದು ಯೋಚಿಸಬೇಕಾದ ಪ್ರಶ್ನೆ. ನೇರವಾಗಿ ಆಳುವ ಸರ್ಕಾರಕ್ಕೆ ಸೋಗು ಬೇಕಿಲ್ಲ. ಅದು ಗೆಜೆಟ್‌ನಲ್ಲಿ ಆಜ್ಞೆ ಹೊರಡಿಸುತ್ತದೆ, ಪೊಲೀಸರನ್ನು ಕಳಿಸುತ್ತದೆ. 1950ರ ಹೊತ್ತಿಗೆ ಅರಬ್ ಜಗತ್ತಿನ ಬಹುಪಾಲಿನಲ್ಲಿ ಬ್ರಿಟನ್ನಿಗೆ ಆ ಅಧಿಕಾರ ಉಳಿದಿರಲಿಲ್ಲ. ಇರಾಕ್, ಜೋರ್ಡಾನ್, ಈಜಿಪ್ಟ್ ಹೆಸರಿಗೆ ಸ್ವತಂತ್ರ. ಉಳಿದದ್ದು ಒಪ್ಪಂದಗಳು, ಸೇನಾ ನೆಲೆಗಳು, ಎಣ್ಣೆಯ ಹಿತಾಸಕ್ತಿ, ಸೂಯೆಜ್ ಕಾಲುವೆ. ಇವೆಲ್ಲ ಅಲ್ಲಿನ ದೊರೆ, ಮಂತ್ರಿಗಳ ಒಪ್ಪಿಗೆಯ ಮೇಲೆ ನಿಂತಿದ್ದವು. ದೊರೆ, ಮಂತ್ರಿಗಳು ಬೀದಿಯ ಜನಕ್ಕೆ ಹೆದರತೊಡಗಿದ್ದರು. ಆಜ್ಞೆ ಮಾಡುವ ಶಕ್ತಿ ಹೋಗಿ ಬಿಟ್ಟುಹೋಗುವ ಮನಸ್ಸೂ ಇಲ್ಲದ ಅಧಿಕಾರಕ್ಕೆ ಜನರ ಕಿವಿಯ ಹತ್ತಿರ ಗೆಳೆಯನ ವೇಷದಲ್ಲಿ ಕೂರುವುದು ಅನಿವಾರ್ಯವಾಗುತ್ತದೆ. ಹೀಗೆ ಬಂದ ದನಿಗೆ ಯಾರೂ ಉತ್ತರ ಕೊಡಲಾರರು, ಯಾಕೆಂದರೆ ಮಾತಾಡಿದವರು ಯಾರೆಂದೇ ಗೊತ್ತಿರುವುದಿಲ್ಲ. ಇದನ್ನು ನಾನು ಸಣ್ಣ ಮೋಸವೆಂದು ಎಣಿಸುವುದಿಲ್ಲ. ಕೇಳುಗನನ್ನು ಒಪ್ಪಿಸಲು ಯತ್ನಿಸುವವನು ಕನಿಷ್ಠ ತಾನು ಯಾರೆಂದು ಹೇಳಿ, ತನ್ನ ಮಾತನ್ನು ಅನುಮಾನಿಸುವ ಅವಕಾಶವನ್ನಾದರೂ ಕೇಳುಗನಿಗೆ ಬಿಡಬೇಕು.

ಗುಪ್ತ ರೇಡಿಯೋಗಳೆಲ್ಲ ಒಂದೇ ಜಾತಿಯವಲ್ಲ. 1942ರ ಕ್ವಿಟ್ ಇಂಡಿಯಾ ದಿನಗಳಲ್ಲಿ ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ನಡೆಸಿದ ಕಾಂಗ್ರೆಸ್ ರೇಡಿಯೋ ಕೂಡ ಗುಪ್ತವೇ. 42.34 ಮೀಟರ್ ತರಂಗಾಂತರದಲ್ಲಿ, ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಬದಲಾಯಿಸುತ್ತ, ನವೆಂಬರ್ 12ರಂದು ಪೊಲೀಸರು ಹಿಡಿಯುವವರೆಗೆ ಅವರು ಮಾತಾಡಿದರು. ಆಗ ಆಕೆಗೆ 22 ವರ್ಷ. ಅವರು ಬಚ್ಚಿಟ್ಟದ್ದು ತಾವಿದ್ದ ಜಾಗವನ್ನು ಮಾತ್ರ. ಯಾರ ಪರವಾಗಿ ಮಾತಾಡುತ್ತಿದ್ದೇವೆ ಎಂಬುದನ್ನು ಪ್ರತಿ ರಾತ್ರಿ ಮೊದಲಿಗೇ ಸಾರುತ್ತಿದ್ದರು. ಶರ್ಕ್ ಅಲ್ ಅದ್ನಾ ಇದಕ್ಕೆ ತದ್ವಿರುದ್ಧ. ಅದರ ವಿಳಾಸ ಎಲ್ಲರಿಗೂ ತಿಳಿದಿತ್ತು, ಜಾಹೀರಾತು ಕೊಡಬೇಕಾದವರು ಅಲ್ಲಿಗೆ ಬರೆಯಬಹುದಿತ್ತು. ಮುಚ್ಚಿಟ್ಟದ್ದು ಒಡೆಯನ ಹೆಸರು. ಜೈಲಿಗೆ ಹೋಗುವ ಭಯದಿಂದ ಅಡಗುವುದಕ್ಕೂ ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ಅಡಗುವುದಕ್ಕೂ ಇರುವ ಅಂತರ ದೊಡ್ಡದು. ಎರಡನ್ನೂ ಗುಪ್ತ ಪ್ರಸಾರ ಎಂಬ ಒಂದೇ ಗೂಟಕ್ಕೆ ಕಟ್ಟುವ ಇತಿಹಾಸ ಬರಹ ನನಗೆ ಒಪ್ಪಿಗೆಯಾಗುವುದಿಲ್ಲ.

1953ರ ಜುಲೈ 4ರಂದು ಕೈರೋದಿಂದ ಸೌತ್ ಅಲ್ ಅರಬ್, ಅಂದರೆ ಅರಬ್ಬರ ದನಿ, ಆರಂಭವಾಯಿತು. ದಿನಕ್ಕೆ ಅರ್ಧ ಗಂಟೆಯಿಂದ ಶುರುವಾದ ಆ ಕಾರ್ಯಕ್ರಮ ಬೇಗನೆ ದಿನದ ಬಹುಹೊತ್ತನ್ನು ತುಂಬಿಕೊಂಡಿತು. ಅದರ ಹಿಂದೆ ಈಜಿಪ್ಟಿನ ನಾಯಕ ಗಮಾಲ್ ಅಬ್ದೆಲ್ ನಾಸರ್ ಇದ್ದರು, ಮೈಕಿನ ಮುಂದೆ ಅಹ್ಮದ್ ಸಯೀದ್ ಇದ್ದರು. ಹಾಡು ಅವರಲ್ಲೂ ಇತ್ತು. ಪ್ರತಿ ತಿಂಗಳ ಮೊದಲ ಗುರುವಾರ ಕೈರೋ ರೇಡಿಯೋ ಪ್ರಸಾರ ಮಾಡುತ್ತಿದ್ದ ಗಾಯಕಿ ಉಮ್ ಕುಲ್ಸುಂ ಅವರ ಕಛೇರಿಗೆ ಅರಬ್ ಜಗತ್ತೇ ಕಿವಿಗೊಡುತ್ತಿತ್ತು. ಆದರೆ ವಾರ್ತೆ, ಭಾಷಣಗಳಲ್ಲಿ ಅವರು ನೇರವಾಗಿ ಬ್ರಿಟನ್ನಿನ ಮೇಲೆ ಹರಿಹಾಯುತ್ತಿದ್ದರು. 1955ರ ಡಿಸೆಂಬರ್‌ನಲ್ಲಿ ಜೋರ್ಡಾನನ್ನು ಬ್ರಿಟನ್ ಬೆಂಬಲದ ಸೇನಾ ಮೈತ್ರಿಯಾದ ಬಾಗ್ದಾದ್ ಒಪ್ಪಂದಕ್ಕೆ ಸೇರಿಸಲೆಂದು ಬ್ರಿಟಿಷ್ ಜನರಲ್ ಟೆಂಪ್ಲರ್ ಅಮ್ಮಾನಿಗೆ ಬಂದಾಗ ಅಲ್ಲಿನ ಬೀದಿಗಳಲ್ಲಿ ದೊಂಬಿ ಎದ್ದಿತು. ಸೇರಿಸುವ ಮಾತು ಮುರಿದುಬಿತ್ತು. ಮರುವರ್ಷ ಮಾರ್ಚ್ 1ರಂದು ಯುವ ದೊರೆ ಹುಸೇನ್, ಜೋರ್ಡಾನ್ ಸೇನೆಯ ಮುಖ್ಯಸ್ಥರಾಗಿದ್ದ ಇಂಗ್ಲಿಷ್ ಅಧಿಕಾರಿ ಗ್ಲಬ್ ಪಾಶಾರನ್ನು ಮನೆಗೆ ಕಳಿಸಿದರು. ಇದಕ್ಕೆಲ್ಲ ಕೈರೋ ರೇಡಿಯೋ ಒಂದೇ ಕಾರಣವಲ್ಲ. ಲಂಡನ್ನಿನಲ್ಲಿ ಕೂತವರಿಗೆ ಮಾತ್ರ ಹಾಗೆಯೇ ಕಂಡಿತು. ಅಹ್ಮದ್ ಸಯೀದ್ ಸಾಧುವೇನಲ್ಲ, 1967ರ ಯುದ್ಧದಲ್ಲಿ ಸೋಲುತ್ತಿದ್ದಾಗ ಗೆಲುವು ಘೋಷಿಸಿ ಅವರೂ ಕೇಳುಗರ ನಂಬಿಕೆ ಕಳೆದರು. ಆದರೂ ಆ ದನಿ ಯಾರದೆಂದು ಕೇಳುಗರಿಗೆ ಗೊತ್ತಿತ್ತು.

ಅದೇ ದಿನಗಳಲ್ಲಿ ಸೈಪ್ರಸ್‌ನ ಒಳಗೇ ಬಂಡಾಯ ಎದ್ದಿತ್ತು. ಗ್ರೀಸಿನೊಡನೆ ಸೇರಬೇಕೆಂದು ಹೊರಟ ಇಯೋಕಾ ಹೋರಾಟಗಾರರು 1955ರ ಏಪ್ರಿಲ್ 1ರಂದು ಬಾಂಬ್ ದಾಳಿ ಶುರುಮಾಡಿದರು. ಅಥೆನ್ಸ್ ರೇಡಿಯೋ ಅವರನ್ನು ಬೆಂಬಲಿಸಿ ಮಾತಾಡುತ್ತಿತ್ತು. ಬ್ರಿಟಿಷ್ ಸರ್ಕಾರ 1956ರಲ್ಲಿ ಆ ಪ್ರಸಾರ ದ್ವೀಪದಲ್ಲಿ ಕೇಳಿಸದಂತೆ ಅದೇ ತರಂಗದ ಮೇಲೆ ಗದ್ದಲ ಬಿಟ್ಟಿತು. ಒಂದೇ ದ್ವೀಪ. ಅಲ್ಲಿನ ಜನ ಹೊರಗಿನ ದನಿ ಕೇಳದಂತೆ ತಡೆಯುತ್ತಿದ್ದ ಆಡಳಿತವೇ ಹೊರಗಿನ ಜನರಿಗೆ ತನ್ನದಲ್ಲದ ಹೆಸರಿನಲ್ಲಿ ದನಿ ಕಳಿಸುತ್ತಿತ್ತು.

1956ರ ಜುಲೈ 26ರಂದು ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್ನಿನ ಪ್ರಧಾನಿ ಆಂಥನಿ ಈಡನ್ ಅವರಿಗೆ ಇದು ಸಹಿಸಲಾಗದ ಅವಮಾನ. ಫ್ರಾನ್ಸ್ ಮತ್ತು ಇಸ್ರೇಲ್ ಜೊತೆ ಗುಟ್ಟಾಗಿ ಸಂಚು ಹೂಡಿದರು. ಅಕ್ಟೋಬರ್ 29ರಂದು ಇಸ್ರೇಲ್ ಈಜಿಪ್ಟ್ ಮೇಲೆ ನುಗ್ಗಿತು. ಮರುದಿನ ಬ್ರಿಟನ್ ಮತ್ತು ಫ್ರಾನ್ಸ್, ಜಗಳ ಬಿಡಿಸುವವರ ಸೋಗಿನಲ್ಲಿ, ಇಬ್ಬರಿಗೂ ಗಡುವು ಕೊಟ್ಟವು. ಅದೇ ಹೊತ್ತಿಗೆ ಸೈಪ್ರಸ್‌ನ ವಸಾಹತು ಸರ್ಕಾರ ಶರ್ಕ್ ಅಲ್ ಅದ್ನಾವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ನಿಲಯದ ಹೆಸರು ಬ್ರಿಟನ್ನಿನ ದನಿ ಎಂದಾಯಿತು. ಮಾನಸಿಕ ಯುದ್ಧದ ಹೊಣೆ ಹೊತ್ತಿದ್ದವರು ಬ್ರಿಗೇಡಿಯರ್ ಬರ್ನಾರ್ಡ್ ಫರ್ಗ್ಯುಸನ್, ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಸೈನಿಕ. ಸೈನಿಕನ ಲೆಕ್ಕದಲ್ಲಿ ಟ್ರಾನ್ಸ್‌ಮಿಟರ್ ಕೂಡ ಫಿರಂಗಿಯ ಹಾಗೆ, ಯಾರು ಹಿಂದೆ ನಿಂತರೂ ಗುಂಡು ಹಾರುತ್ತದೆ.

ಆದರೆ ಗುಂಡು ಹಾರಲಿಲ್ಲ. ಅರಬ್ ಸಿಬ್ಬಂದಿ ಕೆಲಸ ಬಿಟ್ಟು ಹೊರನಡೆದರು. ತಮ್ಮ ಜನರ ಮೇಲೆ ಬಾಂಬ್ ಹಾಕುವ ಸೇನೆಯ ಸೂಚನೆಗಳನ್ನು ತಮ್ಮ ಬಾಯಿಂದ ಓದಲು ಅವರು ಒಪ್ಪಲಿಲ್ಲ. ಊರು ಒಮ್ಮೆ ಕಳೆದುಕೊಂಡವರು ಅವರು. ಈ ಸಲ ಸಂಬಳವನ್ನೂ ನೆಲೆಯನ್ನೂ ತಾವಾಗಿಯೇ ಬಿಟ್ಟರು. ನಿಲಯದ ಬ್ರಿಟಿಷ್ ನಿರ್ದೇಶಕ ರಾಲ್ಫ್ ಪೋಸ್ಟನ್ ಕೂಡ ತಮ್ಮ ಸರ್ಕಾರದ ನಡೆಯನ್ನು ವಿರೋಧಿಸಿ ಸಿಬ್ಬಂದಿಯ ಪರ ನಿಂತರು. ಅವರನ್ನು ಗೃಹಬಂಧನದಲ್ಲಿ ಇಟ್ಟರು. ಆತುರದಲ್ಲಿ ಒಟ್ಟುಹಾಕಿದ ಹೊಸಬರ ಕೈಯಲ್ಲಿ ಮೈಕು ಕೊಟ್ಟು, ಹಾಡಿನ ಜಾಗದಲ್ಲಿ ಬೆದರಿಕೆ ಕೂರಿಸಿ ಪ್ರಸಾರ ಮುಂದುವರಿಸಿದರು. ನಿನ್ನೆಯವರೆಗೆ ಪ್ರೀತಿಯಿಂದ ಕೇಳುತ್ತಿದ್ದ ಅದೇ ಜಾಗದಲ್ಲಿ, ಮುಳ್ಳು ಸರಿಸದೆಯೇ, ಈಗ ಶತ್ರುವಿನ ದನಿ ಬರುತ್ತಿತ್ತು. ಯಾರ ಹಾಡಿಗೆ ತಲೆದೂಗಿದ್ದೆವು ಎಂಬುದು ಇಡೀ ಅರಬ್ ಜಗತ್ತಿಗೆ ಅಂದು ಅಧಿಕೃತವಾಗಿ ತಿಳಿಯಿತು. ಹೇಳಿದ್ದು ನಾಸರ್ ಅಲ್ಲ, ಬ್ರಿಟನ್ನೇ.

ನವೆಂಬರ್ 2ರಂದು ಬ್ರಿಟಿಷ್ ವಿಮಾನಗಳು ಕೈರೋ ಹೊರವಲಯದ ಅಬು ಝಾಬಲ್‌ನಲ್ಲಿದ್ದ ಈಜಿಪ್ಟ್ ರೇಡಿಯೋದ ಟ್ರಾನ್ಸ್‌ಮಿಟರ್ ಮೇಲೆ ಬಾಂಬ್ ಹಾಕಿದವು. ಕೈರೋ ಸುಮ್ಮನಾಯಿತು. ಆಗ ಸಿರಿಯಾದ ರೇಡಿಯೋ, ಡಮಾಸ್ಕಸ್‌ನಿಂದಲೇ, ಇದು ಕೈರೋ ಎಂದು ಸಾರಿತು. ಅಲ್ಲೂ ಒಂದು ನಿಲಯ ತನ್ನದಲ್ಲದ ಹೆಸರು ಹೇಳಿಕೊಂಡಿತ್ತು. ಆದರೆ ಡಮಾಸ್ಕಸ್‌ನಿಂದ ಎಂಬ ಮಾತೂ ಅದೇ ಉಸಿರಿನಲ್ಲಿತ್ತು, ಯಾರಿಗೂ ಮೋಸವಾಗಲಿಲ್ಲ. ಆ ಕರೆಯನ್ನು ಅರಬ್ಬರು ಇಂದಿಗೂ ನೆನೆಯುತ್ತಾರೆ. ಬ್ರಿಟನ್ನಿನ ದನಿಯಲ್ಲಿ ಬಂದ ಒಂದು ಮಾತನ್ನೂ ಯಾರೂ ನೆನಪಿಟ್ಟುಕೊಂಡಿಲ್ಲ.

ಇದೇ ವಾರ ಲಂಡನ್ನಿನಲ್ಲಿ ಬಿಬಿಸಿ ಮತ್ತು ಸರ್ಕಾರದ ನಡುವೆ ಹಗ್ಗಜಗ್ಗಾಟ ನಡೆದಿತ್ತು. ಬ್ರಿಟನ್ನಿನ ಜನ ಯುದ್ಧದ ವಿಷಯದಲ್ಲಿ ಎರಡಾಗಿದ್ದರು. ವಿರೋಧ ಪಕ್ಷದ ನಾಯಕ ಹ್ಯೂ ಗೇಟ್ಸ್‌ಕೆಲ್ ಬಾನುಲಿಯಲ್ಲಿ ಈಡನ್ನರನ್ನು ಖಂಡಿಸಿ ಮಾತಾಡಿದರು. ಅದನ್ನು ಹೊರದೇಶಗಳಿಗೆ, ಅರೇಬಿಕ್‌ನಲ್ಲೂ, ಬಿಬಿಸಿ ತಲುಪಿಸಿತು. ಸರ್ಕಾರ ವಿದೇಶಾಂಗ ಕಚೇರಿಯ ಒಬ್ಬ ಅಧಿಕಾರಿಯನ್ನು ಬಿಬಿಸಿಯ ಹೊರದೇಶ ಸೇವೆಯ ಕಚೇರಿಯಲ್ಲಿ ತಂದು ಕೂರಿಸಿತು, ಅನುದಾನ ಕಡಿಯುವ ಮಾತಾಡಿತು. ಬಿಬಿಸಿ ತನ್ನ ಪಟ್ಟು ಸಡಿಲಿಸಲಿಲ್ಲ. 1938ರ ಮೊದಲ ವಾರ್ತೆಯಲ್ಲಿ ಶುರುವಾದ ಜಗಳವೇ ಇದು. ಬಿಬಿಸಿಯನ್ನು ಸಂತನೆಂದು ಕರೆಯಬೇಕಿಲ್ಲ. ಬ್ರಿಟನ್ನಿನ ಹಿತ ಅದರ ಕಣ್ಣಲ್ಲಿ ಸದಾ ಇತ್ತು. ಆದರೆ ಆ ವಾರ ಅರಬ್ ಕೇಳುಗರಿಗೆ ಬ್ರಿಟನ್ನಿನ ಬಗ್ಗೆ ಒಂದಿಷ್ಟಾದರೂ ಗೌರವ ಉಳಿಯುವಂತೆ ಮಾಡಿದ್ದು, ತನ್ನ ಪ್ರಧಾನಿಯ ವಿರುದ್ಧದ ಮಾತನ್ನೂ ದಾಟಿಸಿದ ಆ ಬಹಿರಂಗ ನಿಲಯ. ಗುಟ್ಟಿನ ನಿಲಯಕ್ಕೆ ಸುರಿದ ಹಣದಿಂದ ಅದು ಆಗಲಿಲ್ಲ.

ನವೆಂಬರ್ 6ರ ನಡುರಾತ್ರಿಗೆ ಕದನವಿರಾಮ ಬಂತು. ಮರುವರ್ಷ ಜನವರಿಯಲ್ಲಿ ಈಡನ್ ಕುರ್ಚಿ ಬಿಟ್ಟರು. ಬ್ರಿಟನ್ನಿನ ದನಿ ಕೆಲವೇ ತಿಂಗಳಲ್ಲಿ ನಿಂತು, ಝೀಗಿಯ ಟ್ರಾನ್ಸ್‌ಮಿಟರ್ ಬಿಬಿಸಿಯ ಮರುಪ್ರಸಾರಕ್ಕೆ ಹೋಯಿತು. ಮುಂದೆ ದಶಕಗಟ್ಟಲೆ ಅರೇಬಿಕ್ ವಾರ್ತೆ ಅಲ್ಲಿಂದ ಹೆಸರು ಹೇಳಿಯೇ ಹೊರಟಿತು. ಖರ್ಚು ಕಡಿತದ ಹೆಸರಿನಲ್ಲಿ ಬಿಬಿಸಿ ಅರೇಬಿಕ್ ರೇಡಿಯೋ 2023ರ ಜನವರಿ 27ರಂದು, 85 ವರ್ಷ ತುಂಬಿದ ಮೇಲೆ, ನಿಂತಿತು.

ಹೊರನಡೆದವರು ಸುಮ್ಮನೆ ಕೂರಲಿಲ್ಲ. ಸಬ್ರಿ ಅಲ್ ಶರೀಫ್ ಬೈರೂತ್ ಸೇರಿ ರಹ್ಬಾನಿ ಸಹೋದರರ ಜೊತೆ ದುಡಿದರು. 1957ರಲ್ಲಿ ಬಾಲ್‌ಬೆಕ್ ಉತ್ಸವದಲ್ಲಿ ಫೈರೂಜ್ ಹಾಡಿದ ಲೆಬನಾನಿನ ಜನಪದ ರಾತ್ರಿಗಳ ಹಿಂದೆ ಅವರ ಕೈಯೂ ಇತ್ತು. ಶರ್ಕ್ ಅಲ್ ಅದ್ನಾಕ್ಕೆ ಕೇಳುಗರನ್ನು ತಂದುಕೊಟ್ಟಿದ್ದ ವಿದ್ಯೆ ಅವರೊಂದಿಗೇ ಹೋಯಿತು, ಒಡೆಯರ ಕೈಯಲ್ಲಿ ಕಂಬ ಮತ್ತು ತಂತಿ ಉಳಿದವು. ಎಂಐ6 ತನ್ನ ಕಡತಗಳನ್ನು ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರಕ್ಕೆ ಕೊಡುವ ಪದ್ಧತಿ ಇಂದಿಗೂ ಇಲ್ಲ. ಹಾಗಾಗಿ ಈ ನಿಲಯದ ಚರಿತ್ರೆಯನ್ನು ವಿದ್ವಾಂಸರು ವಿದೇಶಾಂಗ ಕಚೇರಿಯ, ಬಿಬಿಸಿಯ ಕಾಗದಗಳಿಂದ, ಕೆಲಸ ಮಾಡಿದವರ ನೆನಪುಗಳಿಂದ ತುಣುಕು ತುಣುಕಾಗಿ ಜೋಡಿಸಬೇಕಾಗಿದೆ. ಆ ಕಡತಗಳು ತೆರೆಯಬೇಕು. ಮೈಕಿನ ಮುಂದೆ ಕೂತವರಿಗೆ ಏನು ಹೇಳಿದ್ದರು, ಏನು ಮುಚ್ಚಿಟ್ಟಿದ್ದರು, ಅಕ್ಟೋಬರ್ ಕೊನೆಯಲ್ಲಿ ಎದ್ದುಹೋದ ಪ್ರತಿಯೊಬ್ಬರ ಹೆಸರು ಏನು ಎಂಬುದು ಅಲ್ಲಿ ಇರಲೇಬೇಕು.